ಹಿತ್ತಾಳೆ ಬುರುಡೆಯ ದಾವೆ

ಜೋರಾಪುರ ಪೇಟೆಯ ಶಿವಯೋಗೆಪ್ಪನ ಬಾಯೊಳಗೆ ಕಡಿಮೆಯೆಂದರೂ ಹನ್ನೊಂದು ಇಂಜಿನ್ನುಗಳು ವಾಸವಾಗಿದ್ದವು. ಹೊಲದ ಪಂಪು ಕೆಟ್ಟು ಯಾರಾದರೂ ಅವನ ವರ್ಕ್‌ಶಾಪಿಗೆ ಬಂದರೆ ಯಂತ್ರ ತರಬೇಕೆಂದಿರಲಿಲ್ಲ. "ಸಪ್ಪಳಾ ಹೆಂಗ? ಡುಗುಡುಗು ಡುಸ್, ಡುಗುಡುಗು ಡುಸ್, ಹಿಂಗೋ? ಇಲ್ಲಾ ಡುಗ್ ಡುಗ್ ಖರ್ರ್, ಹಿಂಗೋ?" ಎಂದು ಬಾಯಲ್ಲೇ ಹಚ್ಚಿ ತೋರಿಸುತ್ತಿದ್ದ. "ಎರಡನೇದ್ರಿ" ಅಂದರೆ ಸಾಕು, ಬೇನೆ ಗೊತ್ತಾಯಿತು. ಇಂಜಿನ್ನು ಮುಗಿದ ಮೇಲೆ ಮನುಷ್ಯರ ಸರದಿ. ತಹಶೀಲ್ದಾರನ ಕೆಮ್ಮು, ಸ್ವಾಮಿಗಳ ಆಶೀರ್ವಾದ, ಹೆಂಡತಿ ರುದ್ರವ್ವ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುವ ಮೂರನೆಯ ಕೂಗು, ಎಲ್ಲಾ ಬರುತ್ತಿದ್ದವು. ಮೊದಲನೆಯ ಎರಡು ಕೂಗು ಅವನಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಅವುಗಳ ನಕಲು ಬರುತ್ತಿರಲಿಲ್ಲ.

ಅರವತ್ತನಾಲ್ಕರ ಶ್ರಾವಣದಲ್ಲಿ ಪುಣೆಯ ಒಂದು ಕಂಪನಿಯಿಂದ ರಜಿಸ್ಟರ್ ಟಪಾಲು ಬಂದಾಗ, ಅದನ್ನೂ ಹೀಗೆಯೇ ಓದಿದ. ವರ್ಕ್‌ಶಾಪಿನ ಮುಂದೆ ಪೇಟೆಯ ಏಳೆಂಟು ಮಂದಿ ಕೂತಿದ್ದರು. ಇಂಗ್ಲಿಷ್ ನೋಟೀಸಿನ ಜೊತೆ, ಅವನು ಸಹಿ ಮಾಡಿ ಕಳಿಸಬೇಕಾದ ಕನ್ನಡದ ಒಂದು ಹಾಳೆ. ಶಿವಯೋಗೆಪ್ಪ ಮೂಗು ಹಿಡಿದು, ಪುಣೆಯ ಸಾಹೇಬನ ದನಿ ತೆಗೆದ.

"ನಾನು, ಜೋರಾಪುರ ಪೇಟೆಯ ಶಿವಯೋಗೆಪ್ಪ, ಕಂಪನಿಯವರು ಪೇಟೆಂಟು ಪಡೆದ, ಯಂತ್ರಗಳಿಗೆ ಎಣ್ಣೆ ತುಂಬುವ ಸಾಧನವನ್ನು ನಕಲು ಮಾಡಿರುತ್ತೇನೆ..."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"...ಇನ್ನು ಮುಂದೆ ಮಾಡುವುದಿಲ್ಲ. ಮಾಡಿದವುಗಳನ್ನು ಕಂಪನಿಯವರ ಎದುರಿಗೆ ಒಡೆದು ಹಾಕಲು ಒಪ್ಪಿರುತ್ತೇನೆ. ಕ್ಷಮೆ ಕೋರುತ್ತೇನೆ."

ಕೊನೆಯ ಎರಡು ಶಬ್ದಕ್ಕೆ ಬರುವಷ್ಟರಲ್ಲಿ ಸಾಹೇಬನ ದನಿ ಎಲ್ಲೋ ಜಾರಿ ಹೋಗಿ, ಅವನದೇ ದನಿ ಉಳಿದಿತ್ತು.

"ಪೇಟೆಂಟ ಅಂದ್ರ ಏನರಿ ಅದು?" ಒಳಗಿನಿಂದ ರುದ್ರವ್ವ ಕೇಳಿದಳು.

"ಒಂದ ಸಾಮಾನು ಮೊದಲ ನಾನ ಮಾಡೇನಿ, ಹದಿನಾರ ವರ್ಷ ಮತ್ತ್ಯಾರೂ ಮಾಡಬಾರದು ಅಂತ ಸರಕಾರದಿಂದ ಬರಿಸಿಕೊಳ್ಳೂದು."

"ಪೇಟೆಂಟಲ್ಲ ಅದು, ಪ್ಯಾಟಿ ಗಂಟು. ಬಿಚ್ಚಾಕ ಹೋಗಬ್ಯಾಡ್ರಿ, ಬಿಗಿದೀತು."

ಆದರೆ ಗಂಟು ಆಗಲೇ ಬಿದ್ದಿತ್ತು. ಸಂಗತಿ ಇಷ್ಟೇ. ಡೋಣಿ ಹೊಳೆಯ ಸುತ್ತ ಎರಿ ಹೊಲಗಳಿಗೆ ಒಡ್ಡು ಹಾಕಲು ಸರಕಾರದವರು ಬುಲ್ಡೋಜರ್ ತಂದ ಕಾಲದಿಂದ, ಅವುಗಳ ಹೊಟ್ಟೆ ತುಂಬಿಸುವುದೇ ಒಂದು ರಾಮಾಯಣವಾಗಿತ್ತು. ಡಬ್ಬಿಯಲ್ಲಿ ಡೀಸೆಲ್ ಹೊತ್ತು, ಮೇಲೆ ಹತ್ತಿ, ಆಲಿಕೆ ಇಟ್ಟು ಸುರಿಯಬೇಕು. ಟಾಕಿಯ ಬಾಯಿ ಸಣ್ಣದು, ಒಳಗೆ ಕತ್ತಲೆ. ತುಂಬಿತೋ ಇಲ್ಲವೋ ಎಂಬುದು ಉಕ್ಕಿ ಮೈಮೇಲೆ ಬಿದ್ದಾಗಲೇ ತಿಳಿಯುವುದು. ಅದಕ್ಕೆ ಶಿವಯೋಗೆಪ್ಪ ಒಂದು ಗಾಡಿ ಮಾಡಿದ್ದ. ಎರಡು ಗಾಲಿಯ ಮೇಲೆ ಬ್ಯಾರಲ್ಲು, ಅದಕ್ಕೊಂದು ಕೈಪಂಪು, ಪಂಪಿಗೆ ರಬ್ಬರ್ ಪೈಪು. ಪೈಪಿನ ತುದಿಗೆ ಒಂದು ಪಂಜರ, ಪಂಜರದೊಳಗೆ ಬೆಸುಗೆ ಹಾಕಿ ಮುಚ್ಚಿದ ಖಾಲಿ ತುಪ್ಪದ ಡಬ್ಬಿ. ಟಾಕಿ ತುಂಬುತ್ತ ಬಂದಂತೆ ಡಬ್ಬಿ ತೇಲಿ ಮೇಲೆದ್ದು ಪೈಪಿನ ಬಾಯಿಗೆ ಒತ್ತಿ ಕೂಡುತ್ತಿತ್ತು. ಎಣ್ಣೆ ತಾನೇ ನಿಲ್ಲುತ್ತಿತ್ತು. ಒಂದು ಹನಿ ಚೆಲ್ಲುತ್ತಿರಲಿಲ್ಲ.

ತಿಕೋಟದ ಕಲ್ಲು ಒಡೆಯುವ ಖಡಿ ಮಷೀನುಗಳಿಂದ ಬಬಲೇಶ್ವರದ ಟ್ರ್ಯಾಕ್ಟರುಗಳವರೆಗೆ ಎಲ್ಲಿ ನೋಡಿದರೂ ಅವನ ಗಾಡಿ. ಏಳನೇ ಇಯತ್ತೆ ಓದಿದ ಶಿವಯೋಗೆಪ್ಪನನ್ನು ಪೇಟೆಯವರು ಇಂಜಿನಿಯರ್ ಸಾಹೇಬ್ರು ಅಂತಲೇ ಕರೆಯತೊಡಗಿದ್ದರು. ಮೊದಮೊದಲು ಚೇಷ್ಟೆಗೆ, ಆಮೇಲೆ ರೂಢಿಗೆ. ಅವನೂ ಮೊದಮೊದಲು ನಕ್ಕು, ಆಮೇಲೆ ಓಗೊಟ್ಟ.

ಪುಣೆಯವರ ಹಾಳೆಯನ್ನು ಮರುಟಪಾಲಿಗೇ ತಿರುಗಿ ಕಳಿಸಿದ. ಸಹಿ ಮಾಡುವ ಜಾಗದಲ್ಲಿ ಬರೆದಿದ್ದ: "ಕೈ ಎಣ್ಣಿ ಆಗ್ಯಾವ. ತೊಳಕೊಳ್ಳೋ ವಿಚಾರ ಇಲ್ಲ."

ದಾವೆ ಬಿತ್ತು.

ವಿಜಾಪುರದ ಶಂಕರೆಪ್ಪ ವಕೀಲರು ಕಾಗದಗಳನ್ನೆಲ್ಲ ಓದಿ, ಕನ್ನಡಕ ಹಣೆಗೇರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ನಿನ್ನ ಗಾಡಿ ಮೊದಲ ಯಾವಾಗ ಹೊರಗ ಬಿತ್ತಪಾ?"

"ಐವತ್ತೊಂಬತ್ತರ ದಸರಾಕ್ಕರಿ. ಬನ್ನಿ ಕೊಡೂ ದಿನಾನ ದಬ್ಬಿಕೊಂಡು ಹೋಗೇವಿ, ಊರಿಗೂರ ನೋಡೇತಿ."

"ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು ಅದ ವರ್ಷದ ಆಗಸ್ಟಿನಾಗ. ಎರಡ ತಿಂಗಳ ಮೊದಲು."

ಶಿವಯೋಗೆಪ್ಪನ ಬಾಯೊಳಗಿನ ಹನ್ನೊಂದೂ ಇಂಜಿನ್ನು ಒಮ್ಮೆಲೇ ಬಂದಾದವು.

"ನಾ ಅವರದು ನೋಡೇ ಇಲ್ಲರಿ, ವಕೀಲ ಸಾಹೇಬ್ರ."

"ನೋಡಿದ್ರೂ ಅಷ್ಟ, ನೋಡದಿದ್ರೂ ಅಷ್ಟ. ಕಾಯದೆಕ್ಕ ತಾರೀಖ ಬೇಕು. ಆ ಆಗಸ್ಟಿಗಿಂತ ಮೊದಲ ಈ ಯುಕ್ತಿ ನಾಕ ಮಂದಿ ಕಣ್ಣ ಮುಂದ ಎಲ್ಲ್ಯರೆ ನಡದಿತ್ತು ಅಂತ ತೋರಿಸು, ಅವರ ಪೇಟೆಂಟು ಹಳೇ ಕ್ಯಾಲೆಂಡರ ಆಗ್ತದ. ಇಲ್ಲಂದ್ರ ಕೈ ತೊಳಕೋ, ಸಹಿ ಮಾಡು." ವಕೀಲರು ಕಣ್ಣಲ್ಲಿ ಕಣ್ಣಿಟ್ಟರು. "ನಿನ್ನಕಿಂತ ಮೊದಲ ಯಾರರೆ ಮಾಡಿದ್ರೇನು?"

"ಯಾರೂ ಇಲ್ಲರಿ" ಅಂದ ಶಿವಯೋಗೆಪ್ಪ, ತುಸು ಜಲ್ದಿಯೇ ಅಂದ.

ಮೂರು ದಿನ ಮನೆಯಲ್ಲಿ ಅವನು ಯಾರ ದನಿಯನ್ನೂ ತೆಗೆಯಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದ ರುದ್ರವ್ವ, ತಲೆ ಎತ್ತದೆ ಮಾತು ತೆಗೆದಳು.

"ಅವತ್ತ ಸಾರವಾಡದಿಂದ ಬಂದು ಊಟಕ್ಕ ಕುಂತಾಗ ಒಬ್ಬಾಕಿ ಸುದ್ದಿ ಹೇಳಿದ್ರಿ. ಒಡ್ಡಿನ ಕೆಲಸದಾಕಿ."

"ಹೇಳಿದ್ದೆ."

"ದೀಪಾವಳಿಗೆ ನಮ್ಮ ಅಣ್ಣ ಬಂದಾಗೂ ಆ ಕತಿ ಹೇಳಿದ್ರಿ. ಅದರಾಗ ಅಕಿ ಮೂಲ್ಯಾಗ ನಿಂತಿದ್ಲು. ಮರುವರ್ಷ ಹೇಳಿದಾಗ ಅಕಿ ಇರಲೇ ಇಲ್ಲ." ತಟ್ ತಟ್ ತಟ್. "ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕ್ರಿ, ಹೊತ್ತತೈತಿ."

ಅವನು ರೊಟ್ಟಿ ತಿರುವಿ ಹಾಕಿದ. ಬೆರಳು ಸುಟ್ಟಿತು. ಮರುದಿನ ತಿಕೋಟದ ಬಸ್ಸು ಹತ್ತಿದ.

ತಿಕೋಟದಿಂದ ಬಿಜ್ಜರಗಿಗೆ ಚಕ್ಕಡಿ ಸಿಕ್ಕಿತು. ಊರ ಹೊರಗಿನ ಕೇರಿಯಲ್ಲಿ ಆ ಒಡ್ಡಿನ ಕೆಲಸದಾಕೆ ತಿಪ್ಪವ್ವನ ಮನೆ. ಆಡಿಗೆ ತಪ್ಪಲು ಹಾಕುತ್ತಿದ್ದವಳು ಇವನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಬರ್ರಿ ಇಂಜಿನಿಯರ್ ಸಾಹೇಬ್ರ!"

ಪೇಟೆಯಲ್ಲಿ ಐದು ವರ್ಷದಿಂದ ಕೇಳಿದ ಮಾತೇ. ಇಲ್ಲಿ ಮಾತ್ರ ಕಪಾಳಕ್ಕೆ ಹೊಡೆದಂತೆ ಕೇಳಿಸಿತು.

"ಮಿಸ್ತ್ರಿ ಅನ್ನು ಬೇ, ಸಾಕು."

"ಹಂಗ್ಯಾಕರಿ? ಸಾರವಾಡದ ಡ್ರೈವರ್ ಲಾಡಲೇಸಾಬ ಸಿಕ್ಕಾಗೊಮ್ಮೆ ಹೇಳತಾನ, 'ತಿಪ್ಪವ್ವಾ, ನಿನ್ನ ಸೋರೆ ಬುರುಡಿ ಇಂಜಿನಿಯರ್ ಪರೀಕ್ಷಾ ಪಾಸಾಗೇತಿ' ಅಂತ. ನಮ್ಮ ಮನಿ ನೀರ ಕೊಡ್ಲೇನು? ಕುಡಿಯವ್ರೋ, ಸುಮ್ನ ಕೇಳಿಸಿಕೊಳ್ಳವ್ರೋ?"

ಶಿವಯೋಗೆಪ್ಪ ಆ ಕೇರಿಯಲ್ಲಿ ಕಾಲಿಟ್ಟದ್ದೇ ಅದು ಮೊದಲು. "ಕೊಡು" ಅಂದ. ತಂಬಿಗೆ ಎತ್ತಿ ಪೂರ್ತಿ ಕುಡಿದ. ಅವಳು ಕುಡಿಯುವುದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೂಡಲು ಗೋಣಿತಟ್ಟು ಹಾಸಿದಳು.

ಅವನು ಬಂದ ಕೆಲಸ ಹೇಳಿದ. ಅವಳು ನಡೆದದ್ದನ್ನು ಹೇಳಿದಳು. ಇಬ್ಬರಿಗೂ ಗೊತ್ತಿದ್ದದ್ದೇ, ಆದರೆ ಅವನು ಐದು ವರ್ಷದ ಮೇಲೆ ಪೂರ್ತಿಯಾಗಿ ಕೇಳುತ್ತಿದ್ದ. ಐವತ್ತೊಂಬತ್ತರ ಬೇಸಿಗೆ. ಸಾರವಾಡದ ಒಡ್ಡಿನ ಕೆಲಸದಲ್ಲಿ ಬುಲ್ಡೋಜರಿಗೆ ಡೀಸೆಲ್ ಸುರಿಯುವ ಪಾಳಿ ಅವಳದು. ದಿನಾ ಉಕ್ಕಿ ಸೀರೆಯೆಲ್ಲ ತೊಯ್ದು, ತೊಡೆ ಸುಟ್ಟಂತಾಗಿ ಬೊಬ್ಬೆ ಎದ್ದಿದ್ದವು. ಒಂದು ಮುಂಜಾನೆ ಮನೆಯಿಂದ ಒಣಗಿದ ಸೋರೆ ಬುರುಡಿ ತಂದಳು. ಟಾಕಿಯ ಬಾಯಿಗೆ ಹಿಡಿಯುವಷ್ಟು ಸಣ್ಣದು. ಮೊದಲು ಅದನ್ನು ಒಳಗಿಳಿಸಿ, ಮೇಲೆ ಆಲಿಕೆ ಇಟ್ಟು ಸುರಿದಳು. ಬುರುಡಿ ತೇಲುತ್ತ ಬಂದು ಆಲಿಕೆಯ ಕೆಳಗಿನ ತೂತಿಗೆ ಬೂಚು ಹಾಕಿತು. ಡೀಸೆಲ್ ಆಲಿಕೆಯಲ್ಲೇ ನಿಂತಿತು.

"ಈಸಾಕ ಕಲಿಯೂ ಹುಡುಗೂರಿಗೆ ಸೊಂಟಕ್ಕ ಕಟ್ಟತೇವಲ್ಲರಿ ಬುರುಡಿ? ಮನಶ್ಯಾನ್ನ ಎತ್ತೂದು ಡಿಜೇಲಿನ ಮ್ಯಾಲ ಏಳಂಗಿಲ್ಲೇನು ಅಂದೆ. ಎದ್ದಿತು. ನೀವು ಅವತ್ತ ಇಂಜಿನ್ ರಿಪೇರಿಗೆ ಬಂದಿದ್ರಿ. ಬಾಯಿ ತಗದು ನೋಡಿದ್ರಿ. ಅದೊಂದ ಸಲ ನಿಮ್ಮ ಬಾಯಿಂದ ಸಪ್ಪಳಾ ಬರಲಿಲ್ಲ."

"ನನ್ನ ಬಿಟ್ಟು ಮತ್ತ್ಯಾರು ನೋಡ್ಯಾರ?"

"ಎಲ್ಲಾರೂ ನೋಡ್ಯಾರ. ಪುಣೆದಾವ ಒಬ್ಬ ಟೊಪಿಗಿ ಸಾಹೇಬ ಬಂದಿದ್ದ, ಮಷೀನ ಪರೀಕ್ಷಾ ಮಾಡಾಕ. ಬುರುಡಿ ಇಸಗೊಂಡು ಕಿವಿ ಹತ್ತರ ಅಳ್ಳಾಡಿಸಿ ಅಳ್ಳಾಡಿಸಿ ನೋಡಿದ. ಪುಸ್ತಕದಾಗ ಚಿತ್ರಾ ತಗದ. ಬಸವ ಜಯಂತಿ ಆಗಿತ್ತು, ಕಾರಹುಣ್ಣಿವಿ ಇನ್ನಾ ಬಂದಿರಲಿಲ್ಲ."

ಶಿವಯೋಗೆಪ್ಪ ತಟ್ಟಿನಿಂದ ಎದ್ದುಬಿಟ್ಟ. ಅಂದರೆ ಮೇ ತಿಂಗಳು, ಆಗಸ್ಟಿಗಿಂತ ಮೊದಲೇ!

"ಕೋರ್ಟಿಗೆ ಬಂದು ಇದನ್ನ ಹೇಳ್ತಿಯೇನು ತಿಪ್ಪವ್ವಾ?"

"ನಾ ಹೇಳತೇನಿ. ನೀವೇನ ಹೇಳತೀರಿ?" ಅವಳ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ. "ಅಕಿದು ನೋಡಿ ಮಾಡಿದೆ ಅಂತ ನಿಮ್ಮ ಪ್ಯಾಟಿ ಮಂದಿ ಮುಂದ ಬಾಯಿ ಬಿಡತೀರೋ? ಇಲ್ಲಾ ನಾನೂ ನಿಮ್ಮ ಗಾಡಿ ದಬ್ಬೂ ಆಳ ಅಂತೀರೋ?"

ಅವನು ಬಗ್ಗಿ ಗೋಣಿತಟ್ಟು ಮಡಿಚತೊಡಗಿದ. ಅವಳು ಅದನ್ನು ಕಂಡು ಆಡಿನ ಕಡೆ ತಿರುಗಿದಳು. "ತಾರೀಖ ಹೇಳಿ ಕಳಸ್ರಿ. ಬರೂದಂತೂ ಬರತೇನಿ. ನಿಮ್ಮ ಸಲುವಾಗಿ ಅಲ್ಲ."

ಕೋರ್ಟಿನಲ್ಲಿ ಮೊದಲು ಕಟಕಟೆ ಹತ್ತಿದವರು ಕಂಪನಿಯ ಇಂಜಿನಿಯರ್ ಪೇಂಡಸೆ ಸಾಹೇಬರು. ನಿಜವಾದ ಇಂಜಿನಿಯರು, ಸರ್ಟಿಫಿಕೇಟಿನವರು. ಮೇಜಿನ ಮೇಲೆ ಕಂಪನಿಯ ಸಾಧನ ಇಟ್ಟಿದ್ದರು. ಅದರೊಳಗೆ ತೇಲುವುದು ಡಬ್ಬಿಯಲ್ಲ, ಫಳಫಳ ಹೊಳೆಯುವ ಹಿತ್ತಾಳೆಯ ಬುರುಡೆ, ಮೇಲೆ ಸಪೂರ, ಕೆಳಗೆ ಗುಂಡಗೆ. ಶಂಕರೆಪ್ಪ ವಕೀಲರು ಪಾಟೀಸವಾಲು ಸುರು ಮಾಡಿದರು.

"ಸಾಹೇಬ್ರು ಸಾರವಾಡಕ್ಕೆ ಯಾವಾಗ ಬಂದಿದ್ರಿ?"

"ಐವತ್ತೊಂಬತ್ತು, ಮೇ. ಐದು ದಿವಸ. ಕಂಪನಿ ರಿಪೋರ್ಟ್ ಅದೆ."

"ಅಲ್ಲಿ ಒಬ್ಬ ಹೆಣ್ಣುಮಗಳು ಸೋರೆ ಬುರುಡಿ ಹಾಕಿ ಡೀಸೆಲ್ ತುಂಬೂದನ್ನ ನೋಡಿದ್ರಿ."

"ಛೇ! ನಾಹೀ. ಇದು ನನ್ನ ಸ್ವತಃದ ಸಂಶೋಧನೆ."

ವಕೀಲರು ಹಿತ್ತಾಳೆಯ ಬುರುಡೆಯನ್ನು ಎತ್ತಿ ಅಲ್ಲಾಡಿಸಿದರು. ಗಲಗಲ ಸದ್ದಾಯಿತು. "ಒಳಗೇನದರಿ?"

"ಸಣ್ಣ ಸಣ್ಣ ಸೀಸದ ಗುಂಡುಗಳು. ಪೇಟೆಂಟಿನ ಮೂರನೇ ಕಲಮು ನೋಡಿ."

"ಯಾತಕ್ಕ?"

"ವಜನಕ್ಕೆ. ನೆಟ್ಟಗೆ ನಿಲ್ಲಬೇಕು."

"ವಜನಕ್ಕಂದ್ರ ತಳಕ್ಕ ಬೆಸೀಬೇಕಿತ್ತಲ್ಲ? ಸಡಿಲ ಬಿಟ್ರ ಯಾವ ಕಡೆ ವಾಲತದೋ ಅದ ಕಡೆ ಉಳ್ಳತಾವು. ವಾಲಿದ್ದು ಇನ್ನಷ್ಟು ವಾಲತದ."

ಪೇಂಡಸೆ ಸಾಹೇಬರು ಕನ್ನಡಕ ಒರೆಸಿಕೊಂಡರು. "ಅದು ತಾಂತ್ರಿಕ ವಿಷಯ."

ಇದು ಶಿವಯೋಗೆಪ್ಪನಿಗೂ ತಿಳಿಯದ ಒಗಟು. ಅವನ ಡಬ್ಬಿಯೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಬುದ್ಧಿವಂತ ಕಂಪನಿಯವರು ತೇಲುವ ವಸ್ತುವಿನೊಳಗೆ ಸೀಸ ಯಾಕೆ ತುಂಬಿದರು? ಯೋಚನೆ ಮುಗಿಯುವುದರೊಳಗೆ ಕೋರ್ಟಿನ ಪಟ್ಟೇವಾಲ ಅವನ ಹೆಸರನ್ನೇ ಕೂಗಿದ.

ಕಟಕಟೆಯಿಂದ ನೋಡಿದರೆ ಹಿಂದಿನ ಸಾಲಿನಲ್ಲಿ ಜೋರಾಪುರ ಪೇಟೆಯೇ ಕೂತಂತಿತ್ತು. ಎಲ್ಲರ ಮುಖದಲ್ಲೂ ನಮ್ಮ ಇಂಜಿನಿಯರ್ ಸಾಹೇಬ್ರು ಎಂಬ ಹಿಗ್ಗು. ಬಾಗಿಲ ಹತ್ತಿರ, ಗೋಡೆಗೆ ಆತು, ತಿಪ್ಪವ್ವ ನಿಂತಿದ್ದಳು.

ಕಂಪನಿಯ ವಕೀಲ ಬೆಳಗಾವಿಯವನು, ಪಳಗಿದವನು. "ನಿಮ್ಮ ಗಾಡಿ ನೀವೇ ಸ್ವಂತ ಬುದ್ಧಿಯಿಂದ ಮಾಡಿದ್ದು ಅಂತೀರಾ? ಅಥವಾ ನಕಲು ಮಾಡಿದ್ದಾ?"

ಸುಳ್ಳು ಹೇಳಿದರೆ ಹೆಸರು ಉಳಿದು ಗಾಡಿ ಹೋಗುತ್ತದೆ. ಖರೆ ಹೇಳಿದರೆ ಗಾಡಿ ಉಳಿಯಬಹುದು, ಹೆಸರು ಇಲ್ಲೇ, ಈ ಕಟ್ಟಿಗೆಯ ಪೆಟ್ಟಿಗೆಯಲ್ಲೇ, ಸಾಯುತ್ತದೆ. ಅವನು ಹಿಂದಿನ ಸಾಲನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದ.

"ನಕಲ ಮಾಡೇನ್ರಿ."

ವಕೀಲನ ಮುಖ ಅರಳಿತು. ಪೇಟೆಯ ಸಾಲಿನಲ್ಲಿ ಯಾರೋ "ಅಯ್ಯಯ್ಯ" ಅಂದರು.

"ಆದ್ರ ಇವರದಲ್ಲ. ಅಲ್ಲಿ ನಿಂತಾಳಲ್ಲ, ಬಿಜ್ಜರಗಿ ತಿಪ್ಪವ್ವ, ಅಕಿದು. ಬುರುಡಿ ಅಕಿದು, ಬುದ್ಧಿ ಅಕಿದು. ಗಾಲಿ, ಪಂಪು, ಪೈಪು ನಂದು. ನಾ ಐದ ವರ್ಷ ಈ ಮಾತ ನುಂಗಿಕೊಂಡಿದ್ದೆ. ಅದು ನನ್ನ ತಪ್ಪು. ಅದಕ್ಕ ಅಕಿ ಮುಂದ ಕ್ಷಮಾ ಕೇಳತೇನಿ. ಪುಣೆದವರ ಮುಂದ ಕೇಳಂಗಿಲ್ಲ, ಕುತಿಗಿ ಕೊಯ್ದ್ರೂ ಕೇಳಂಗಿಲ್ಲ."

ಜಡ್ಜ್ ಸಾಹೇಬರು ಲೇಖಣಿ ಕೆಳಗಿಟ್ಟು ಅವನನ್ನೊಮ್ಮೆ ನೋಡಿ, ಮತ್ತೆ ಎತ್ತಿಕೊಂಡು ಬರೆದರು.

ಆಮೇಲೆ ತಿಪ್ಪವ್ವ. ಸೆರಗು ಬಿಗಿಮಾಡಿಕೊಂಡು ಕಟಕಟೆ ಹತ್ತಿದಳು. ಡೊಂಕಿಲ್ಲದೆ ಎಲ್ಲಾ ಹೇಳಿದಳು. ಪೇಂಡಸೆಯವರನ್ನು ತೋರಿಸಿ "ಟೊಪಿಗಿ ಇಲ್ಲ ಅನ್ನೂದ ಬಿಟ್ರ ಅವ್ರ" ಅಂದಳು. ಬೆಳಗಾವಿಯ ವಕೀಲ ನಕ್ಕು ಎದ್ದ.

"ನಿನಗೆ ಓದಾಕ ಬರೆಯಾಕ ಬರ್ತದೇನು?"

"ಇಲ್ಲರಿ."

"ವಸ್ತುಗಳು ತೇಲುವುದರ ಶಾಸ್ತ್ರ ಗೊತ್ತೇನು?"

"ನನಗ್ಯಾಕ್ರಿ? ಬುರುಡಿಗಿ ಗೊತ್ತಿದ್ರ ಸಾಕಲ್ಲ?"

ಕೋರ್ಟಿನಲ್ಲಿ ನಗೆ ಎದ್ದಿತು. ವಕೀಲನಿಗೆ ಸಿಟ್ಟು ಬಂತು. ಹಿತ್ತಾಳೆಯ ಬುರುಡೆ ತಂದು ಅವಳ ಕೈಯಲ್ಲಿ ಇಟ್ಟ. "ನೋಡು. ಇದಕ್ಕೂ ನಿನ್ನ ಸೋರೆಕಾಯಿಗೂ ಏನು ಸಂಬಂಧ?"

ತಿಪ್ಪವ್ವ ಅದನ್ನು ತಿರುಗಿಸಿ ನೋಡಿದಳು. ಸಂತೆಯಲ್ಲಿ ಕಾಯಿ ಆರಿಸುವವರಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಲಗಲ. ಅವಳ ಕಣ್ಣು ದೊಡ್ಡವಾದವು. ಮತ್ತೊಮ್ಮೆ ಅಲ್ಲಾಡಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು, ನಿಲ್ಲಿಸಲಾರದೆ.

"ಯಾಕವ್ವಾ ನಗ್ತಿ?" ಜಡ್ಜ್ ಸಾಹೇಬರೇ ಕೇಳಿದರು.

"ಯಪ್ಪಾ, ಇವರು ಬೀಜಾನೂ ಹಾಕ್ಯಾರರಿ!"

"ಏನ ಬೀಜ?"

"ಸೋರೆ ಬೀಜಾರಿ. ಬುರುಡಿ ಒಳಗ ಬೀಜಾ ಬಿಟ್ಟು ಒಣಗಿಸಿ ತೂಗಹಾಕೂದು ನಮ್ಮ ಮನಿ ರೀತಿ. ರೋಹಿಣಿ ಮಳಿ ಬಿದ್ದು ಬಿತ್ತೂ ತನಕ ಒಡ್ಯಂಗಿಲ್ಲ, ಒಡದ್ರ ಬೀಜಕ್ಕ ಹುಳಾ ಹತ್ತತಾವು. ನಮ್ಮ ಮನ್ಯಾಗ ಇದ್ದದ್ದು ಅದೊಂದ ಬುರುಡಿ. ಬೀಜಾ ತಗದ್ರ ನಮ್ಮ ಅತ್ತಿ ಬೈತಾಳಂತ ಹಂಗ ತಂದು ಡಿಜೇಲಿನಾಗ ಬಿಟ್ಟಿದ್ದೆ. ಗಲಗಲ ಅಂತಿತ್ತು. ಈ ಸಾಹೇಬ್ರು ಕಿವಿಗಿಟ್ಟು ಕೇಳ್ಯಾರ, ಒಳಗೇನೋ ದೊಡ್ಡ ಕರಾಮತ್ತ ಐತಿ ಅನಕೊಂಡಾರ." ನಗು ನಿಂತಿತು. ಹಿತ್ತಾಳೆಯ ಬುರುಡೆಯನ್ನು ಪೇಂಡಸೆಯವರ ಕಡೆ ಚಾಚಿದಳು. "ನಾ ಬಿತ್ತಾಕ ಇಟ್ಟಿದ್ದೆರಿ ಸಾಹೇಬ್ರ. ನೀವು ಸೀಸದ ಗುಂಡ ಎಲ್ಲಿ ಬಿತ್ತವ್ರದೀರಿ?"

ನಗೆಯ ಮಳೆಯಾಗಬೇಕಿತ್ತು. ಆಗಲಿಲ್ಲ. ಪೇಂಡಸೆಯವರ ಕೆನ್ನೆ ಹಿತ್ತಾಳೆಯಿಂದ ತಾಮ್ರಕ್ಕೆ ತಿರುಗಿತು. ಬೆಳಗಾವಿಯ ವಕೀಲ ಕೂತುಕೊಂಡ. ಜಡ್ಜ್ ಸಾಹೇಬರ ಲೇಖಣಿಯ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ತೀರ್ಪಿಗೆ ಹದಿನೈದು ದಿನದ ತಾರೀಖು ಬಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಬೆಳಗಾವಿಯ ವಕೀಲ ಶಿವಯೋಗೆಪ್ಪನ ಹೆಗಲ ಮೇಲೆ ಕೈ ಹಾಕಿದ. ಈಗ ಅವನ ದನಿ ಬೆಲ್ಲದ ಪಾಕ.

"ತೀರ್ಪು ಯಾಕ್ರಿ ಬೇಕು? ರಾಜಿ ಮಾಡಿಕೊಳ್ಳೋಣು. ಕ್ಷಮಾಪಣೆ ಬ್ಯಾಡ, ಏನೂ ಬ್ಯಾಡ. ಪೇಂಡಸೆ ಸಾಹೇಬ್ರು, ಶಿವಯೋಗೆಪ್ಪನವರು, ಇಬ್ಬರೂ ಕೂಡಿ ಕಂಡುಹಿಡಿದದ್ದು ಅಂತ ಬರೆಯೋಣು. ಕಂಪನಿಯ ಒಂದೊಂದು ಸಾಧನದ ಮ್ಯಾಲೂ ನಿಮ್ಮ ಹೆಸರು ಅಚ್ಚಾಗ್ತದ. ಕಲಕತ್ತಾದ ತನಕ ಓದ್ತಾರ. ಆ ಹೆಣ್ಣುಮಗಳ ಮಾತು ಒಂದು ಹಿಂದಕ್ಕ ತಗೋರಿ, ತಪ್ಪಿ ಹೇಳಿದೆ ಅಂತ."

ಶಿವಯೋಗೆಪ್ಪನಿಗೆ ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. ಹಿತ್ತಾಳೆಯ ಮೇಲೆ ತನ್ನ ಹೆಸರು ಕಣ್ಣಿಗೆ ಕಟ್ಟಿತು. ಹತ್ತು ಮಾರು ದೂರದಲ್ಲಿ ಪೇಟೆಯ ಮಂದಿ ಅವನನ್ನು ಬಿಟ್ಟು ತಿಪ್ಪವ್ವನ ಸುತ್ತ ನೆರೆದಿದ್ದರು. ಅವನ ಹತ್ತಿರ ರುದ್ರವ್ವ ಒಬ್ಬಳೇ, ಬುತ್ತಿಗಂಟು ಹಿಡಿದು ನಿಂತಿದ್ದಳು.

"ಇಬ್ಬರ ಹೆಸರೇನ್ರಿ?" ಅಂದ ಶಿವಯೋಗೆಪ್ಪ. "ಇಬ್ಬರೂ ನೋಡಿದವರು. ನೋಡಿದವರಿಬ್ಬರು ಕೂಡಿದ್ರ ಮಾಡಿದಾಕಿ ಒಬ್ಬಾಕಿ ಆಗತಾಳೇನು? ಬರೀರಿ ಅಕಿ ಹೆಸರು. ಮೊದಲ ಅಕಿದು, ಕೆಳಗ ನಮ್ಮಿಬ್ಬರದು, ನಕಲ ಮಾಡಿದವರು ಅಂತ. ನಾ ಈಗ ಸಹಿ ಹಾಕತೇನಿ."

"ಏನ್ ಹುಚ್ಚು ಹಿಡಿದದೇನ್ರಿ? ಕೂಲಿ ಹೆಂಗಸಿನ ಹೆಸರು ಕಂಪನಿ ಸಾಮಾನಿನ ಮ್ಯಾಲ?"

"ಹಂಗಾದ್ರ ಜಡ್ಜ್ ಸಾಹೇಬ್ರು ಬರೀಲಿ" ಅಂದು ಹೆಗಲ ಮೇಲಿನ ಕೈಯನ್ನು, ಕೆಟ್ಟ ನಟ್ಟು ಬಿಚ್ಚಿದಂತೆ, ಮೆಲ್ಲಗೆ ಬಿಡಿಸಿದ.

ಬರೆದರು. ದಾವೆ ವಜಾ. ಪೇಟೆಂಟಿಗಿಂತ ಮೊದಲೇ ಈ ಯುಕ್ತಿ ಸಾರವಾಡದ ಬಯಲಿನಲ್ಲಿ ಎಲ್ಲರ ಕಣ್ಣೆದುರು ಬಳಕೆಯಲ್ಲಿತ್ತು, ಆದ್ದರಿಂದ ಅದು ಯಾರ ಸ್ವತ್ತೂ ಆಗಲಾರದು, ಯಾರು ಬೇಕಾದರೂ ಮಾಡಿಕೊಳ್ಳಬಹುದು ಎಂದು ತೀರ್ಪು. ಹನ್ನೆರಡು ಪುಟದ ಇಂಗ್ಲಿಷಿನಲ್ಲಿ ತಿಪ್ಪವ್ವನ ಹೆಸರು ಇಪ್ಪತ್ತಮೂರು ಸಲ ಬಂದಿತ್ತು. ಶಂಕರೆಪ್ಪ ವಕೀಲರು ಒಂದೊಂದು ಸಲವೂ ಬೆರಳಿಟ್ಟು ತೋರಿಸಿದರು. ಅವಳು ಒಂದೊಂದನ್ನೂ ಮುಟ್ಟಿ ನೋಡಿದಳು.

ಪೇಟೆಯವರು ಶಿವಯೋಗೆಪ್ಪನನ್ನು ಸಾಕ್ಷಿಯ ಮರುದಿನದಿಂದಲೇ "ನಕಲಿ ಇಂಜಿನಿಯರ್" ಅನ್ನತೊಡಗಿದ್ದರು. ಅವನು ಅದಕ್ಕೂ ಓಗೊಟ್ಟ, ಈ ಸಲ ಮೊದಲಿನಿಂದಲೇ.

ತೀರ್ಪಿನ ದಿನ ಮೆಟ್ಟಿಲಿಳಿಯುತ್ತ ಪೇಂಡಸೆ ಸಾಹೇಬರು ತಿರುಗಿ ನಿಂತು ಗುಡುಗಿದ್ದರು. "ಇದು ಮುಗೀಲಿಲ್ಲ! ಬೆಂಗಳೂರು ಹಾಯ್‌ಕೋರ್ಟಿಗೆ ಎಳೀತೇವೆ ನಿಮ್ಮನ್ನ!"

ಶಿವಯೋಗೆಪ್ಪ ಬಾಯಿ ತೆರೆಯುವ ಮೊದಲೇ, ತಿಕೋಟದ ಬಸ್ಸಿಗೆ ಹೊತ್ತಾಯಿತೆಂದು ದಾಪುಗಾಲು ಹಾಕುತ್ತಿದ್ದ ತಿಪ್ಪವ್ವ ಅಲ್ಲಿಂದಲೇ ಕೂಗಿದಳು.

"ಎಳೀರಿ ಸಾಹೇಬ್ರ! ಸುಗ್ಗ್ಯಾಗ ಮಾತ್ರ ತಾರೀಖ ಹಾಕಸಬ್ಯಾಡ್ರಿ, ಕೆಲಸಿರತೈತಿ. ಮತ್ಯಾವಾಗ ಕರದ್ರೂ ಬರತೇನಿ!"